ಸಂಗುವಿನ ಸೀಟು, ಮಣೂಕದ ಚೀಲ

ಸಂಗು ಬರಿಗೈಯಲ್ಲಿ ಹೋಗಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಪಾಪ, ಅವನ ತಪ್ಪೇನೂ ಇಲ್ಲ, ಅವನು ಬರಿಗೈಯಲ್ಲೇ ಹೊರಟಿದ್ದ. ಹೆಗಲಿಗೊಂದು ಬ್ಯಾಗು, ಅದರಲ್ಲಿ ಪಿಯುಸಿಯ ಮಾರ್ಕ್ಸ್ ಕಾರ್ಡು, ಜೇಬಿನಲ್ಲೊಂದು ಬಾಚಣಿಗೆ. ಅಷ್ಟರಲ್ಲಿ ಅವನ ತಾಯಿ ಮುರಿಗೆವ್ವ ಬಾಗಿಲಿಗೆ ಅಡ್ಡ ಬಂದು ನಿಂತಳು. ಅವಳ ಕೈಯಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ. ಚೀಲದ ತುಂಬ ಮಣೂಕ, ಅಂದರೆ ಒಣದ್ರಾಕ್ಷಿ. ಅದನ್ನೂ ಸಣ್ಣ ಸಣ್ಣ ಪುಡಿಕೆ ಕಟ್ಟಿ ಅಚ್ಚುಕಟ್ಟಾಗಿ ತುಂಬಿದ್ದಳು.

"ಯವ್ವಾ, ನಾ ಅಡ್ಮಿಶನ್ ಮಾಡಸಾಕ ಹೊಂಟೇನಿ. ಬೀಗರ ಮನಿಗಿ ಅಲ್ಲ," ಎಂದ ಸಂಗು.

"ಎಲ್ಲಿಗರ ಹೋಗು, ದೊಡ್ಡವರ ಮುಂದ ಬರಿಗೈಲೆ ನಿಂದರಬಾರದು. ಖುರ್ಚಿ ಮ್ಯಾಲ ಕುಂತವರು ಯಾರ ಸಿಕ್ಕರೂ ಒಂದೊಂದು ಪುಡಿಕಿ ಕೊಡು. ಆಮ್ಯಾಲ ಮಾತಾಡು," ಎಂದು ಮುರಿಗೆವ್ವ ಚೀಲವನ್ನು ಅವನ ಕೈಗೆ ತುರುಕಿದಳು.

ತಿಕೋಟಾದಲ್ಲಿ ಇದು ಹೊಸದೇನಲ್ಲ. ತೊಟ್ಟಿಲಿಗೆ ಹೋಗಲಿ, ತಹಸೀಲ್ದಾರರ ಕಚೇರಿಗೆ ಹೋಗಲಿ, ಊರಿನವರ ಕೈಯಲ್ಲಿ ಒಂದು ಪುಡಿಕೆ ಮಣೂಕ ಇದ್ದೇ ಇರುತ್ತದೆ. ಆದರೆ ಸಂಗುವಿಗೆ ಮಣೂಕವೆಂದರೆ ಮೈಯೆಲ್ಲ ಉರಿ. ಅವನ ತಂದೆ ಗುರಲಿಂಗಪ್ಪನದು ಊರ ಹೊರಗೆ ದೊಡ್ಡ ಮಣೂಕದ ಶೆಡ್ಡು. ಹುಟ್ಟಿದಾಗಿನಿಂದ ಸಂಗು ಬೆಳೆದದ್ದು ಅಲ್ಲಿಯೇ. ಡಬ್ಬಿ ಹೊರುವುದು, ಜೇನುಹುಳ ಓಡಿಸುವುದು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ನೀರು ತಂದುಕೊಡುವುದು, ಸಂಜೆ ಕಸ ಗುಡಿಸುವುದು. ಇದಕ್ಕೆ ಅಪ್ಪ ಶನಿವಾರಕ್ಕೊಮ್ಮೆ ಒಂದಿಷ್ಟು ಪಗಾರ ಕೊಡುತ್ತಿದ್ದ. ಕೈ ಅಂಟು, ಅಂಗಿ ಅಂಟು, ಮೊಬೈಲಿನ ಗಾಜೂ ಅಂಟು. ಪಾಯಸದಲ್ಲಿ ಒಂದು ದ್ರಾಕ್ಷಿ ಕಂಡರೂ ಅವನು ಅದನ್ನು ಹೆಕ್ಕಿ ಬಟ್ಟಲಿನ ಹೊರಗಿಡುತ್ತಿದ್ದ.

ಈ ಶೆಡ್ಡಿನಿಂದ ಪಾರಾಗುವ ದಾರಿಯನ್ನು ಅವನಿಗೆ ತೋರಿಸಿದವನು ಗೆಳೆಯ ಕುನಾಲ. ಕುನಾಲ ಹೋದ ವರ್ಷ ವಿಜಯಪುರದ ಒಂದು ಕಾಲೇಜಿನಲ್ಲಿ ಬಿ.ವೋಕ್ ಎಂಬ ಡಿಗ್ರಿಗೆ ಸೇರಿದ್ದ. ವಿಷಯ ಆಹಾರ ಸಂಸ್ಕರಣೆ. ಅರ್ಧ ವರ್ಷ ಕಾಲೇಜಿನಲ್ಲಿ ಪಾಠ, ಅರ್ಧ ವರ್ಷ ಕಾರ್ಖಾನೆಯಲ್ಲಿ ಕೆಲಸ ಕಲಿಯುವುದು. ಕುನಾಲನನ್ನು ಪುಣೆಯ ಬಿಸ್ಕತ್ತಿನ ಕಾರ್ಖಾನೆಗೆ ಕಳಿಸಿದ್ದರು. ಅಲ್ಲಿಂದ ಅವನು ದಿನಕ್ಕೊಂದು ಫೋಟೊ ಕಳಿಸುತ್ತಿದ್ದ. ಬಿಳಿ ಕೋಟು, ತಲೆಗೆ ಬಿಳಿ ಟೊಪ್ಪಿಗೆ, ಹಿಂದೆ ಹೊಳೆಯುವ ಯಂತ್ರ. ಭಾನುವಾರ ಮಾಲಿನ ಮುಂದೆ ಐಸ್‌ಕ್ರೀಮು. ಅದನ್ನು ನೋಡಿ ನೋಡಿ ಸಂಗುವಿಗೆ ನಿದ್ದೆಯಲ್ಲೂ ಪುಣೆಯೇ ಕಾಣಿಸುತ್ತಿತ್ತು. ಆ ಕೋರ್ಸಿಗೆ ಅರ್ಜಿ ಹಾಕಲು ಇವತ್ತೇ ಕಡೆಯ ದಿನ.

ಗುರಲಿಂಗಪ್ಪ ಕಟ್ಟೆಯ ಮೇಲೆ ಕುಳಿತು ಚಹ ಕುಡಿಯುತ್ತ ತನ್ನ ತೀರ್ಪು ಹೇಳಿಬಿಟ್ಟಿದ್ದ. "ಇವತ್ತ ಸೀಟು ಸಿಕ್ತೋ, ನಿನ್ನ ದಾರಿ ನಿಂದು. ನಾ ಅಡ್ಡ ಬರೂದಿಲ್ಲ. ಸಿಗಲಿಲ್ಲೋ, ನಾಳಿಂದ ಶೆಡ್ಡಿನ ಕೀಲಿ ನಿನ್ನ ಉಡದಾರಕ್ಕ ಕಟ್ಟತೇನಿ. ಮತ್ತ ಹೊಟ್ಟಿನೋವು, ತಲಿನೋವು ಅಂದ್ರ ನಾ ಕೇಳಾಂವಲ್ಲ."

ಹೊಟ್ಟೆನೋವಿನ ಮಾತು ಬಂದಾಗ ಸಂಗು ತಲೆ ತಗ್ಗಿಸಿದ. ಶೆಡ್ಡಿನಲ್ಲಿ ಕೆಲಸ ಜಾಸ್ತಿಯಾದ ದಿನ ಅವನಿಗೆ ತಪ್ಪದೆ ಹೊಟ್ಟೆ ನೋಯುತ್ತಿತ್ತು.

ಚೀಲ ಹಿಡಿದು ಅಂಗಳಕ್ಕೆ ಇಳಿದರೆ ಪಕ್ಕದ ಮನೆಯ ರೇವಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಯಾರಾಗಿ ನಿಂತಿದ್ದ. ರೇವಪ್ಪ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು. ನಿವೃತ್ತನಾದರೂ ಊರವರನ್ನೆಲ್ಲ ಪ್ರಯಾಣಿಕರೆಂದೇ ತಿಳಿದಿದ್ದಾನೆ. ಯಾರು ಎಲ್ಲಿಗೆ ಹೊರಟರೂ ಹೇಗೆ ಹೋಗಬೇಕು, ಎಲ್ಲಿ ಇಳಿಯಬೇಕು ಎಂದು ಅವನೇ ಹೇಳಬೇಕು.

"ಹುಡುಗ ಒಬ್ಬನ ಹೋದ್ರ ಯಾರ ಕೇಳ್ತಾರ? ಹಿರಿಯಾ ಮನಶಾ ಜೋಡಿ ಇರಬೇಕು," ಎಂದ ರೇವಪ್ಪ.

"ಕಾಕಾ, ನಿಮಗ್ಯಾಕ ತ್ರಾಸು?"

"ತ್ರಾಸು ಎಂಥಾದ್ದೋ ಮಾರಾಯಾ! ಮನ್ಯಾಗ ಕುಂತ ಕುಂತ ಬ್ಯಾಸರ ಬಂದೈತಿ. ನಡಿ."

ಮೊದಲು ಹೋಗಬೇಕಾಗಿದ್ದದ್ದು ಬಬಲೇಶ್ವರಕ್ಕೆ. ಸಂಗು ಪಿಯುಸಿ ಓದಿದ್ದು ಅಲ್ಲಿ, ಸೋದರತ್ತೆ ನಂದಾಳ ಮನೆಯಲ್ಲಿದ್ದುಕೊಂಡು; ರಜೆ ಬಂದರೆ ಮತ್ತೆ ಶೆಡ್ಡು. ಹೊಸ ಕಾಲೇಜಿಗೆ ಬೇಕಾದ ಟಿ.ಸಿ. ಇನ್ನೂ ಅಲ್ಲಿಯೇ ಇತ್ತು. ನಾಳೆ ತಂದರಾಯಿತು, ನಾಳೆ ತಂದರಾಯಿತು ಎನ್ನುತ್ತಲೇ ಅವನು ಬೇಸಿಗೆ ಕಳೆದಿದ್ದ.

ಬಸ್ಸು ಹತ್ತಿದ ಕೂಡಲೇ ರೇವಪ್ಪ ಕಂಡಕ್ಟರನಿಗೆ ಪಾಠ ಶುರು ಮಾಡಿದ. "ಏ ತಮ್ಮಾ, ಹಿಂದಿನ ಮಂದಿಗೆ ಮೊದಲ ಟಿಕೀಟ ಕೊಡಬೇಕು. ಮುಂದಿನವರು ಎಲ್ಲಿ ಓಡಿ ಹೋಗತಾರ? ನೀ ತಿರುಗುಮುರಗ ಮಾಡಾಕತ್ತೀದಿ."

"ಅಜ್ಜಾರ, ಬಸ್ಸು ನಂದೋ ನಿಮ್ದೋ?" ಎಂದು ಕಂಡಕ್ಟರ್ ಕೆರಳಿದ. ಜಗಳ ಜೋರಾಯಿತು. ಮುಂದಿನ ನಿಲ್ದಾಣದಲ್ಲಿ ಇಬ್ಬರನ್ನೂ ಇಳಿಸಿಬಿಡುತ್ತೇನೆ ಎಂದು ಅವನು ಸೀಟಿಯನ್ನು ಬಾಯಿಗಿಟ್ಟುಕೊಂಡ. ಸಂಗು ಗಾಬರಿಯಾಗಿ ಚೀಲಕ್ಕೆ ಕೈಹಾಕಿ ಒಂದು ಪುಡಿಕೆ ತೆಗೆದು ಅವನ ಕೈಗಿಟ್ಟ. ಕಂಡಕ್ಟರ್ ಬಿಚ್ಚಿ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ. ಸೀಟಿ ಜೇಬಿಗೆ ಹೋಯಿತು.

"ಡ್ರೈವರ್ ಸಾಹೇಬರೂ ಖುರ್ಚಿ ಮ್ಯಾಲನ ಕುಂತಾರ," ಎಂದು ರೇವಪ್ಪ ನೆನಪಿಸಿದ. ಡ್ರೈವರನಿಗೂ ಒಂದು ಹೋಯಿತು. ಆಗ ಕಂಬಿ ಹಿಡಿದು ನಿಂತಿದ್ದ ಜೈನಾಪುರದ ಮುದುಕಿಯೊಬ್ಬಳು, ಹನಮವ್ವ ಎಂದು ಹೆಸರು, ಗಂಟಲು ಸರಿಮಾಡಿಕೊಂಡಳು.

"ಯಪ್ಪಾ, ಕುಂತವರಿಗಷ್ಟ ಕೊಡಬೇಕಂತ ಏನರ ರೂಲ್ ಐತೇನು? ನಿಂತವರಿಗೇ ನೋಡು ಹಸಿವಿ ಹೆಚ್ಚು."

ಬಸ್ಸಿನ ತುಂಬ ನಗು. ಹನಮವ್ವನಿಗೆ ಕೊಟ್ಟ ಮೇಲೆ ಅವಳ ಹಿಂದಿನವಳಿಗೆ ಕೊಡದಿರಲು ಬಂದೀತೆ? ಬಬಲೇಶ್ವರ ಬರುವಷ್ಟರಲ್ಲಿ ಇಡೀ ಬಸ್ಸು ಬಾಯಾಡಿಸುತ್ತಿತ್ತು. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಪುಡಿಕೆ ಹಿಡಿದು ಮದುವೆ ಮೆರವಣಿಗೆಯ ವೇಗದಲ್ಲಿ ಓಡಿಸುತ್ತಿದ್ದ. ಸಂಗು ಗಡಿಯಾರ ನೋಡಿಕೊಂಡು ಹಲ್ಲು ಕಡಿದ.

ಬಬಲೇಶ್ವರದ ಕಾಲೇಜಿನಲ್ಲಿ ಕ್ಲಾರ್ಕ್ ಅಮೋಘಿ ಒಳ್ಳೆಯ ಮನುಷ್ಯ. ಪುಡಿಕೆ ತೆಗೆದುಕೊಳ್ಳುವ ಮೊದಲೇ ಟಿ.ಸಿ. ತೆಗೆದು ತೋರಿಸಿದ.

"ಎಲ್ಲಾ ತಯಾರ ಐತಿ. ಪ್ರಿನ್ಸಿಪಾಲರ ಸಹಿ ಒಂದ ಬಾಕಿ. ಆದ್ರ ಒಂದ ಮಾತು, ಅವರ ಮುಂದ ಮಾತ್ರ ಮಣೂಕ ತಗೀಬ್ಯಾಡ್ರಿ. ಅವರಿಗೆ ಸಕ್ಕರಿ ಕಾಯಿಲೆ ಐತಿ. ಹೋದ ತಿಂಗಳ ಯಾರೋ ಪೇಢೆ ಕೊಟ್ಟಿದ್ರು. ಅವರ ಮನಿಯವರು ಬಂದು ಇಡೀ ಆಫೀಸಿಗೆ ಮಂಗಳಾರತಿ ಮಾಡಿ ಹೋದ್ರು."

"ಛೇ ಛೇ, ನಮಗಷ್ಟ ತಿಳಿಯೂದಿಲ್ಲೇನ್ರಿ?" ಎಂದ ರೇವಪ್ಪ. ಒಳಗೆ ಹೋದವನೇ ನಮಸ್ಕಾರ ಮಾಡಿ, ಪ್ರಿನ್ಸಿಪಾಲರು ಖುರ್ಚಿಯ ಮೇಲೆ ಕುಳಿತಿದ್ದನ್ನು ಕಂಡು, ಅಭ್ಯಾಸಬಲದಿಂದ ಪುಡಿಕೆ ತೆಗೆದು ಮೇಜಿನ ಮೇಲಿಟ್ಟ. ಅಮೋಘಿ ಹಣೆ ಬಡಿದುಕೊಂಡ.

"ತಗೀರಿ ಇದನ್ನ! ನನ್ನ ಕೊಲ್ಲಬೇಕಂತ ಮಾಡೀರೇನು?" ಎಂದು ಪ್ರಿನ್ಸಿಪಾಲರು ಹೊರಗಿನವರಿಗೂ ಕೇಳುವಂತೆ ಗುಡುಗಿದರು. ಆಮೇಲೆ ಸ್ವಲ್ಪ ಹೊತ್ತು ಪುಡಿಕೆಯನ್ನೇ ನೋಡಿದರು. "ಅಮೋಘಿ, ಸೀಲು ತಗೊಂಡ ಬಾ. ಹಿರಿಯಾರ, ಹೊರಗ ನೀರಿನ ಕೊಡ ಐತಿ, ಒಂದ ಲೋಟ ನೀರ ತರತೀರೇನು? ಏ ಹುಡುಗಾ, ಆ ಕಿಡಕಿ ಮುಚ್ಚು. ಗಾಳಿ ಬರಾಕತ್ತೈತಿ."

ಕಿಟಕಿ ಬಿಗಿಯಾಗಿತ್ತು. ಮುಚ್ಚಿ ತಿರುಗಿ ನೋಡಿದರೆ ಪುಡಿಕೆ ಅರ್ಧ ಖಾಲಿಯಾಗಿತ್ತು. ಪ್ರಿನ್ಸಿಪಾಲರು ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಸಹಿ ಹಾಕುತ್ತಿದ್ದರು. ಸಂಗು ಕಾಲಿಗೆ ಬಿದ್ದಾಗ ಆಶೀರ್ವಾದ ಮಾಡಲೂ ಅವರು ಬಾಯಿ ತೆರೆಯಲಿಲ್ಲ, ಬರೀ ಕೈ ಎತ್ತಿದರು.

ವಿಜಯಪುರ ಮುಟ್ಟಿದಾಗ ಬಿಸಿಲು ನೆತ್ತಿ ದಾಟಿತ್ತು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಅದಕ್ಕೆ ಕಾಲೇಜಿನ ಗೇಟಿನ ಎದುರಿಗೆ ಶಕೀಲನ ಸಣ್ಣ ಕಂಪ್ಯೂಟರ್ ಅಂಗಡಿ ಇತ್ತು. ಅಲ್ಲಿ ಫೋಟೊ ತೆಗೆಸುವವರಿಗೆಂದು ಒಂದು ಕಪ್ಪು ಕೋಟು ಮೊಳೆಗೆ ನೇತು ಹಾಕಿತ್ತು. ಉದ್ದನೆಯವನಿರಲಿ, ಗಿಡ್ಡನೆಯವನಿರಲಿ, ಎಲ್ಲರಿಗೂ ಅದೇ ಕೋಟು. ದೊಡ್ಡದಾದರೆ ಬೆನ್ನಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಚ್ಚುತ್ತಿದ್ದ. ಸಂಗುವಿಗೂ ಹಚ್ಚಿ ಫೋಟೊ ತೆಗೆದ.

"ಹಿಂಗ ನೋಡಿದ್ರ ವಕೀಲ ಇದ್ದಂಗ ಕಾಣಾಕತ್ತಾನ ನೋಡ್ರಿ," ಎಂದ ಶಕೀಲ.

ಶಕೀಲನೂ ಖುರ್ಚಿಯ ಮೇಲೆಯೇ ಕುಳಿತಿದ್ದ. ರೇವಪ್ಪ ಬಿಟ್ಟಾನೆಯೇ? ಶಕೀಲ ಮಣೂಕ ತಿನ್ನುತ್ತಲೇ ಹೆಸರು, ಊರು, ಅಂಕ ಎಲ್ಲ ಟೈಪು ಮಾಡತೊಡಗಿದ. ತಿಕೋಟಾದ ಮಣೂಕ, ಜೇನಿನಂಥ ಅಂಟು. ಅರ್ಧ ಅರ್ಜಿ ಆಗುವಷ್ಟರಲ್ಲಿ ಕೀಲಿಮಣೆಯ ಗುಂಡಿಗಳು ಒತ್ತಿದರೆ ಒತ್ತಿದಲ್ಲೇ ಕುಳಿತುಬಿಟ್ಟವು, ಮೇಲೇಳಲೊಲ್ಲವು. ಒರೆಸಿದ, ಊದಿದ, ಕಡೆಗೆ ತಲೆಕೆಳಗು ಮಾಡಿ ಬಡಿದ. ಹೊರಗೆ ಸರದಿಯಲ್ಲಿ ನಿಂತ ಹುಡುಗರು ಬೊಬ್ಬೆ ಹಾಕತೊಡಗಿದರು. ಪಕ್ಕದ ಝೆರಾಕ್ಸ್ ಅಂಗಡಿಗೆ ಓಡಿಹೋಗಿ ಇನ್ನೊಂದು ಕೀಲಿಮಣೆ ಬೇಡಿ ತಂದದ್ದಾಯಿತು. ಆ ಅಂಗಡಿಯವನೂ ಖುರ್ಚಿಯ ಮೇಲೆ ಕುಳಿತಿದ್ದನೆಂದು ಬೇರೆ ಹೇಳಬೇಕಾಗಿಲ್ಲ.

ಅಂತೂ ಅರ್ಜಿ ಕೈಗೆ ಬಂತು. ಇನ್ನು ಉಳಿದದ್ದು ಸಂದರ್ಶನ. ಕೋರ್ಸಿನ ಮುಖ್ಯಸ್ಥೆ ವಿಶಾಖಾ ಮೇಡಂ. ಅದೇ ಊರಿನ ಜಲನಗರದವರು. ಸ್ವಂತ ತಮ್ಮ ಇದೇ ಕಾಲೇಜಿನಲ್ಲಿ ಓದುವಾಗ ಅವನಿಗೂ ಒಂದು ದಿನದ ಹಾಜರಿ ಬಿಟ್ಟುಕೊಟ್ಟವರಲ್ಲ ಎಂದು ಕುನಾಲ ಹೇಳಿದ್ದ. ಸಂಗು ಬಾಗಿಲಲ್ಲೇ ರೇವಪ್ಪನ ಕೈ ಹಿಡಿದುಕೊಂಡ.

"ಕಾಕಾ, ನಿಮ್ಮ ಕಾಲಿಗೆ ಬೀಳತೇನಿ. ಒಳಗ ನೀವು ಏನೂ ಮಾತಾಡಬ್ಯಾಡ್ರಿ."

"ಅಲ್ಲೋ, ನಾ ಯಾವಾಗ ಮಾತಾಡೇನಿ?" ಎಂದು ರೇವಪ್ಪ ನೊಂದುಕೊಂಡ.

ಒಳಗೆ ಮೇಡಂ ಫೋನಿನಲ್ಲಿ ಯಾರ ಜೊತೆಗೋ ಸಿಟ್ಟಿನಿಂದ ಮಾತಾಡುತ್ತಿದ್ದರು. ಫೋನನ್ನು ಕುಕ್ಕಿ ಇಟ್ಟು ಸಂಗುವಿನ ಕಡೆ ನೋಡಿದರು. ಅವರ ಅಕ್ಕಪಕ್ಕದ ಎರಡು ಖುರ್ಚಿ ಖಾಲಿ ಇದ್ದವು. ಬೇರೆ ಉಪನ್ಯಾಸಕರು ಊಟಕ್ಕೆ ಹೋಗಿದ್ದರು.

"ಯಾಕಪಾ, ಈ ಕೋರ್ಸಿಗೇ ಯಾಕ ಬರಾಕತ್ತೀ?"

ಈ ಪ್ರಶ್ನೆಗೆ ಸಂಗು ವಾರದಿಂದ ಉತ್ತರ ಉರುಹೊಡೆದಿದ್ದ. "ಆಹಾರ ಸಂಸ್ಕರಣೆಯು ದೇಶದ ಅಭಿವೃದ್ಧಿಗೆ..." ಎಂದು ಶುರು ಮಾಡಿದ. ಬೆನ್ನೆಲುಬು ಎನ್ನುವಷ್ಟರಲ್ಲಿ ಮೇಡಂ ಅವರ ಕಣ್ಣು ಮೇಜಿನ ಮೇಲೆ ನಿಂತಿತು. ಅಲ್ಲಿ ಮೂರು ಪುಡಿಕೆ ಸಾಲಾಗಿ ಕುಳಿತಿದ್ದವು. ಒಂದು ಮೇಡಂ ಮುಂದೆ, ಒಂದೊಂದು ಖಾಲಿ ಖುರ್ಚಿಗಳ ಮುಂದೆ. ರೇವಪ್ಪ ಮಾತಾಡಿರಲಿಲ್ಲ, ಕೊಟ್ಟ ಮಾತು ಉಳಿಸಿಕೊಂಡಿದ್ದ. ಕೈ ಮಾತ್ರ ಆಡಿಸಿದ್ದ.

"ಏನಿದು?"

"ಮಣೂಕ್ರಿ ಮೇಡಂ. ಮನೀವು. ತಗೋರಿ," ಎಂದ ರೇವಪ್ಪ.

"ಇದನ್ನ ಯಾಕ ನಮಗ ಕೊಡಾಕತ್ತೀರಿ?"

"ಹುಡುಗಗ ಅಡ್ಮಿಶನ್ ಆಗಬೇಕಲ್ಲರಿ ಮತ್ತ!"

ಮೇಡಂ ಎದ್ದು ನಿಂತರು. ಮುಖ ಕೆಂಪಾಗಿತ್ತು. ಗೋಡೆಯ ಮೇಲಿನ ಫಲಕದ ಕಡೆ ಬೆರಳು ತೋರಿಸಿದರು. "ಏನ ಬರದಾರ ಅದರಾಗ? ಓದು. ಜೋರಾಗಿ ಓದು."

"ಲಂಚ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ," ಎಂದು ಸಂಗು ಒಂದನೇ ತರಗತಿಯ ಹುಡುಗನ ಹಾಗೆ ರಾಗ ಎಳೆದು ಓದಿದ. ಓದುತ್ತ ಓದುತ್ತ ಅವನ ಕಣ್ಣ ಮುಂದೆ ಪುಣೆಯ ಬಸ್ಸು ಅವನನ್ನು ಬಿಟ್ಟು ಹೊರಟುಹೋಯಿತು.

"ಇಷ್ಟ ಸಣ್ಣ ವಯಸ್ಸಿಗೇ ಇಂಥಾ ಚಾಳಿ! ನಿನ್ನ ಅರ್ಜಿ ಇಲ್ಲೇ ಹರದ ಒಗೀಲೇನು?"

ಮೂವತ್ತು ವರ್ಷ ಟಿಕೀಟಿಲ್ಲದ ಪ್ರಯಾಣಿಕರ ಸುಳ್ಳು ಕೇಳಿ ಕೇಳಿ ರೇವಪ್ಪನಿಗೆ ಆ ವಿದ್ಯೆ ಚೆನ್ನಾಗಿ ಬಂದಿತ್ತು. "ಲಂಚ ಅಲ್ರಿ ಮೇಡಂ, ಸ್ಯಾಂಪಲ್ ರೀ ಇದು!" ಎಂದ. "ಈ ಹುಡುಗನ ಅಪ್ಪಂದು ದೊಡ್ಡ ಮಣೂಕದ ಶೆಡ್ಡ ಐತ್ರಿ. ನೀವು ಆಹಾರದ ಬಗ್ಗೆ ಕಲಸಾವರು, ನೋಡಿ ಏನರ ಹೇಳ್ಲಿ ಅಂತ ತಂದೇವಿ. ಹೌದಲ್ಲೋ ಸಂಗ್ಯಾ?"

"ಹೌದ್ರಿ, ಹೌದ್ರಿ," ಎಂದ ಸಂಗು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಮೇಡಂ ನಿಧಾನವಾಗಿ ಕುಳಿತರು. ಒಂದು ಪುಡಿಕೆ ಬಿಚ್ಚಿ, ಒಂದು ಕಾಳು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳಲ್ಲಿ ಒತ್ತಿ ನೋಡಿದರು. "ಸುಳ್ಳು ಹೇಳಿದ್ರ ನನಗ ಗೊತ್ತಾಗತೈತಿ. ಎಷ್ಟ ದೊಡ್ಡದು ನಿಮ್ಮ ಶೆಡ್ಡು?"

ಸಂಗುವಿನ ತಲೆ ಚುರುಕಾಯಿತು. ಶೆಡ್ಡು ದೊಡ್ಡದಾದಷ್ಟೂ ಮೂರು ಪುಡಿಕೆ ಸಣ್ಣವಾಗುತ್ತವೆ, ಪುಡಿಕೆ ಸಣ್ಣದಾದಷ್ಟೂ ಲಂಚದ ಮಾತು ಸುಳ್ಳಾಗುತ್ತದೆ. ದಿನಾ ಬೆಳಗ್ಗೆ ಕೋಳಿಗೂಡು ಎಂದು ಬೈಯುತ್ತಿದ್ದ ಶೆಡ್ಡನ್ನು ಅವನು ಈಗ ಬಾಯಿ ತುಂಬ ಹೊಗಳತೊಡಗಿದ.

"ಭಾಳ ದೊಡ್ಡದ್ರಿ ಮೇಡಂ. ಈ ಕಡೆ ನಿಂತ್ರ ಆ ಕಡೆ ಕಾಣಸೂದಿಲ್ರಿ. ಇಂಥಾ ಮೂರ ಪುಡಿಕಿ ನಮ್ಮಲ್ಲಿ ಕಸಬರಗಿಗೆ ಹತ್ತಿ ಹೋಗತಾವ್ರಿ."

"ಕಸ ಭಾಳ ಐತಿ ಅನ್ನು."

"ಇಲ್ರಿ, ಇಲ್ರಿ! ಭಾಳ ಸ್ವಚ್ಛರಿ. ದಿನಾ ಎರಡ ಸಲ ನಾನ ಗುಡಸತೇನ್ರಿ. ತೊಳಿಯೂದು ಮಷಿನ್ನಿನ್ಯಾಗ್ರಿ. ಹೋದ ವರ್ಷ ಹೊಸಾದು ತಂದೇವಿ. ಹೆಣ್ಣಮಕ್ಕಳು ತಲಿಗೆ ಬಟ್ಟಿ ಕಟ್ಟಿಕೊಳ್ಳಲಾರದ ಒಳಗ ಬರಾಂಗಿಲ್ರಿ."

"ಎಲ್ಲಾ ನೋಡಿಕೊಳ್ಳಾವರು ಯಾರು?"

"ನಮ್ಮಪ್ಪರಿ. ಹೆಂಗ ಮಾಡಬೇಕು, ಹೆಂಗ ಮಾಡಬಾರದು, ಒಂದ ಸವನ ಹೇಳತಿರತಾನ್ರಿ. ಒಮ್ಮಿ ಶುರು ಮಾಡಿದ್ರ ನಿಲ್ಲಸೂದ ಇಲ್ರಿ."

"ಬಸ್ಸು ಶೆಡ್ಡಿನ ಬಾಗಲಕ್ಕ ನಿಂದರತೈತ್ರಿ," ಎಂದು ರೇವಪ್ಪ ನಡುವೆ ಬಾಯಿ ಹಾಕಿದ. "ನಾ ಸರ್ವೀಸಿನ್ಯಾಗ ಇದ್ದಾಗ ನಾನ ಸ್ಟಾಪು ಮಾಡಸೇನಿ. ನೆರಳಿಗೆ ಬೇವಿನ ಗಿಡ, ಕುಂತ ಊಟಾ ಮಾಡಾಕ ಕಟ್ಟಿ, ಬೋರಿನ ತಣ್ಣನ ನೀರು. ಮದವಿನೂ ಮಾಡಬಹುದ್ರಿ ಅಲ್ಲಿ!"

ಮೇಡಂ ಕಾಳನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿದರು. ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮೂರೂ ಪುಡಿಕೆಗಳನ್ನು ಎತ್ತಿ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. "ಇವು ನನ್ನ ಹತ್ರ ಇರಲಿ," ಎಂದರು. ಪೊಲೀಸರು ಸಾಕ್ಷಿಯ ಸಾಮಾನು ಹೀಗೇ ಇಟ್ಟುಕೊಳ್ಳುತ್ತಾರೆಂದು ಸಂಗುವಿಗೆ ಗೊತ್ತಿತ್ತು.

"ನಿಮ್ಮ ತಂದಿ ನಂಬರ್ ಕೊಡು."

ಮಗ ಕಾಲೇಜಿಗೆ ಹೋಗಿ ಲಂಚ ಕೊಟ್ಟು ಸಿಕ್ಕಿಬಿದ್ದನೆಂದು ಗೊತ್ತಾದರೆ ಅಪ್ಪ ಬರೀ ಕೀಲಿ ಕಟ್ಟಿ ಬಿಡುವವನಲ್ಲ, ಮೈಯ ಚರ್ಮವನ್ನೇ ಬಿಡಿಸಿ ಒಣಹಾಕುತ್ತಾನೆ. ಸಂಗು ನಂಬರು ಹೇಳುತ್ತ ಕೊನೆಯ ಅಂಕಿಯನ್ನು ಮೆಲ್ಲಗೆ ಬದಲಾಯಿಸಿದ.

"ಏಳಲ್ಲೋ ಹುಚ್ಚಾ, ಒಂಬತ್ತು!" ಎಂದ ರೇವಪ್ಪ. "ಅಂಜಿಬಿಟ್ಟಾನ್ರಿ ಮೇಡಂ, ಸ್ವಂತ ಅಪ್ಪನ ನಂಬರನ್ನ ಮರತಾನ."

"ಹೋಗ್ರ್ಯಪಾ. ಸೀಟು ಕೊಡೂದೋ ಬಿಡೂದೋ ಇವರ ತಂದಿ ಜೋಡಿ ಮಾತಾಡಿದ ಮ್ಯಾಲ ಹೇಳತೇನಿ," ಎಂದು ಮೇಡಂ ಫೋನು ಕೈಗೆತ್ತಿಕೊಂಡರು.

ಹೊರಗೆ ಬಂದವನೇ ಸಂಗು ಅಪ್ಪನಿಗೆ ಫೋನು ಹಚ್ಚಿದ. ಮೇಡಂಗಿಂತ ಮೊದಲು ತಾನೇ ಹೇಳಿಬಿಟ್ಟರೆ ಏಟು ಸ್ವಲ್ಪ ಕಡಿಮೆಯಾದೀತು ಎಂಬ ಆಸೆ. ಫೋನು ಬಿಜಿ. ಬಸ್‌ಸ್ಟ್ಯಾಂಡಿನಲ್ಲಿ ಹಚ್ಚಿದ, ಬಿಜಿ. ತಿಕೋಟಾದ ಬಸ್ಸು ಹತ್ತಿ ಹಚ್ಚಿದ, ಆಗಲೂ ಬಿಜಿ. ಹೆಂಡತಿಯ ಜೊತೆಗೂ ಇಷ್ಟು ಹೊತ್ತು ಮಾತಾಡದ ಗುರಲಿಂಗಪ್ಪ ಇವತ್ತು ಯಾರಿಗೆ ಏನು ಹೇಳುತ್ತಿದ್ದಾನೋ! ಸಂಗುವಿಗೆ ಅಳು ಬರುವುದೊಂದು ಬಾಕಿ.

"ಚಿಂತಿ ಬಿಡು," ಎಂದ ರೇವಪ್ಪ. "ನಾ ಇದ್ದದ್ದಕ್ಕ ಬಚಾವ್ ಆದಿ. ಒಬ್ಬನ ಹೋಗಿದ್ರ ಏನ ಗತಿ ಇತ್ತು?"

ಸಂಗು ಚೀಲದೊಳಗೆ ಕೈ ಹಾಕಿ ತಡಕಾಡಿದ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಚೀಲದ ತಳದಲ್ಲಿ ಒಂದೇ ಒಂದು ಪುಡಿಕೆ ಉಳಿದಿತ್ತು. ಬೇರೆ ದಾರಿಯಿಲ್ಲದೆ ಬಿಚ್ಚಿ ಬಾಯಿಗೆ ಹಾಕಿಕೊಂಡ. ಎಷ್ಟೋ ವರ್ಷದ ಮೇಲೆ ತಿಂದ ಮಣೂಕ. ಸಿಹಿಯ ಹಿಂದೆ ಒಂದು ಎಳೆ ಹುಳಿ, ತೊಟ್ಟಿಲ್ಲ, ಕಲ್ಲಿಲ್ಲ. ಚಲೋ ಇದ್ದವು. ಅಪ್ಪನ ಕೈಗುಣ ಅಂದುಕೊಂಡ, ಮರುಕ್ಷಣ ಅದೇ ಕೈಯ ಏಟು ನೆನಪಾಗಿ ಅಗಿಯುವುದನ್ನು ನಿಲ್ಲಿಸಿದ.

ಮನೆಯ ಮುಂದೆ ಜನ ಸೇರಿದ್ದರು. ದೂರದಿಂದ ನೋಡಿದಾಗಲೇ ಸಂಗು ರೇವಪ್ಪನ ಬೆನ್ನ ಹಿಂದೆ ಸರಿದ. ಕಟ್ಟೆಯ ತುಂಬ ಅಕ್ಕಪಕ್ಕದವರು, ನಡುವೆ ಗುರಲಿಂಗಪ್ಪ, ಕಿವಿಯ ಮೇಲೆ ಫೋನು. ಮಗನನ್ನು ಕಂಡದ್ದೇ ಫೋನು ಇಳಿಸಿ ಎದ್ದು ನಿಂತ. ಸಂಗು ಓಡಿ ಹೋಗಿ ಅವನ ಕಾಲಿಗೆ ಬಿದ್ದುಬಿಟ್ಟ.

"ಯಪ್ಪಾ, ನಂದ ತಪ್ಪಾತು! ನಾ ಲಂಚ ಅಂತ ಕೊಟ್ಟಿಲ್ಲ, ಬಸವಣ್ಣನ ಆಣಿ! ರೇವಪ್ಪ ಕಾಕಾ ಸುಮ್ನ ಟೇಬಲ್ ಮ್ಯಾಲ ಇಟ್ಟಾ!"

"ಎಂಥಾ ಲಂಚಲೇ? ಏಳು ಮ್ಯಾಲ," ಎಂದು ಗುರಲಿಂಗಪ್ಪ ಮಗನನ್ನು ಎತ್ತಿ ಎದೆಗೆ ಒತ್ತಿಕೊಂಡ. "ಸೀಟು ಸಿಕ್ಕೈತಿ ಮಗನ! ಮೇಡಂ ತಾವಾಗಿ ಫೋನ್ ಮಾಡಿ ಹೇಳ್ಯಾರ!"

ಮುರಿಗೆವ್ವ ಬಂದು ಮಗನ ಬಾಯಿಗೆ ಸಕ್ಕರೆ ಹಾಕಿದಳು. ಕಟ್ಟೆಯ ಮೇಲಿನವರು ಚಪ್ಪಾಳೆ ತಟ್ಟಿದರು. ಸಂಗುವಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ರೇವಪ್ಪನನ್ನು ತಬ್ಬಿಕೊಂಡು ಅಂಗಳದಲ್ಲೇ ಎರಡು ಸುತ್ತು ಕುಣಿದ. ದಿನವಿಡೀ ಆ ಮುದುಕನನ್ನು ಮನಸ್ಸಿನಲ್ಲಿ ಬೈದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

"ಯಪ್ಪಾ, ಪುಣೆಕ್ಕ ಯಾವಾಗ ಕಳಸತಾರಂತ? ಕೇಳಿದೇನು?" ಎಂದ ಏದುಸಿರು ಬಿಡುತ್ತ.

"ಪುಣೆ ಯಾಕ?" ಎಂದ ಗುರಲಿಂಗಪ್ಪ. "ಆ ಬಿಸ್ಕೀಟ ಕಾರ್ಖಾನಿಯವರು ಈ ವರ್ಷ ಹುಡುಗರನ್ನ ತಗೊಳ್ಳೂದಿಲ್ಲ ಅಂದಬಿಟ್ಟಾರಂತ. ಹತ್ರದಾಗ ಎಲ್ಲೆರ ಟ್ರೇನಿಂಗ್ ಕೊಡಾವರು ಸಿಗಲಿಲ್ಲಂದ್ರ ಕೋರ್ಸ ಬಂದ್ ಮಾಡೂ ಪಾಳಿ ಬಂದಿತ್ತಂತ. ಪಾಪ, ಮೇಡಂ ಊರೂರು ಫೋನ್ ಮಾಡಿ ಸಾಕಾಗಿದ್ರಂತ. ಅಷ್ಟರಾಗ ನೀ ಹೋಗಿ ಸ್ಯಾಂಪಲ್ ಇಟ್ಟಿ."

ಸಂಗುವಿನ ಬಾಯಲ್ಲಿದ್ದ ಸಕ್ಕರೆ ಕರಗುವುದನ್ನು ನಿಲ್ಲಿಸಿತು.

"'ಇಂಥಾ ಮಣೂಕ ನಾ ನೋಡಿಲ್ರಿ, ನಮ್ಮ ಹುಡುಗರಿಗೆ ನಿಮ್ಮ ಶೆಡ್ಡಿನ್ಯಾಗ ಕೆಲಸಾ ಕಲಸತೀರೇನು' ಅಂತ ಕೇಳಿದ್ರು. ನಾ ಒಂದ ಮಾತಿಗೆ ಹೂಂ ಅಂದೆ. ಮೊದಲನೆ ಟರ್ಮ್ ಟ್ರೇನಿಂಗ್ ಇಲ್ಲೇ. ಮೇಷ್ಟ್ರು ನಾನ, ಮಾರ್ಕ್ಸ್ ಹಾಕಾಂವನೂ ನಾನ." ಗುರಲಿಂಗಪ್ಪನ ದನಿ ಒಮ್ಮೆಲೆ ಮೆತ್ತಗಾಯಿತು. "ಇನ್ನೊಂದ ಮಾತು ಹೇಳಿದ್ರು. 'ನಿಮ್ಮ ಮಗ ಶೆಡ್ಡಿನ ಬಗ್ಗೆ ಎಷ್ಟ ಅಭಿಮಾನದಿಂದ ಮಾತಾಡಿದ್ನರಿ, ಅದಕ್ಕ ಸೀಟು ಕೊಟ್ಟೆ' ಅಂದ್ರು. ನನಗ ಕಣ್ಣಾಗ ನೀರ ಬಂತೋ ಸಂಗು. ಇಷ್ಟ ದಿನಾ ನೀ ಶೆಡ್ಡಿಗೆ ಬ್ಯಾಸತ್ತೀ ಅಂತ ತಿಳಕೊಂಡಿದ್ದೆ."

ಅವನ ಕಣ್ಣು ಈಗಲೂ ಒದ್ದೆಯಾಗಿದ್ದವು. ಆ ಕಣ್ಣು ನೋಡಿದ ಮೇಲೆ ಯಾವ ಮಗನಿಗೆ ತಾನೆ ಇಲ್ಲ ಎನ್ನಲು ಬಾಯಿ ಬಂದೀತು? ಬೇರೇನೂ ತೋಚದೆ ಸಂಗು ಸಣ್ಣ ದನಿಯಲ್ಲಿ, "ಹುಡುಗರು ಯಾವಾಗ ಬರತಾರ?" ಎಂದು ಕೇಳಿದ.

"ಅವರು ಬರೂ ತಿಂಗಳ. ನಿಂದು ಮಾತ್ರ ನಾಳಿಂದನ ಚಾಲೂ. ಮನ್ಯಾನ ಹುಡುಗ, ಮೊದಲ ಎಲ್ಲಾ ಕಲತು ಲೀಡರ್ ಆಗಲಿ ಅಂತ ನಾನ ಕೇಳಿಕೊಂಡೆ. ಮೇಡಂ ಒಪ್ಯಾರ."

"ಮತ್ತ ಶನಿವಾರ ನೀ ಕೊಡೂ ಪಗಾರ?"

"ಕೊಡತೇನಿ ಅಂದೆ. ಟ್ರೇನಿಂಗಿನ್ಯಾಗ ಇದ್ದವರಿಗೆ ಪಗಾರ ಕೊಡೂದು ರೂಲಿನ್ಯಾಗ ಇಲ್ಲಂತ."

ಕಟ್ಟೆಯ ಮೇಲೆ ರೇವಪ್ಪ ಆಗಲೇ ಬಂದವರಿಗೆಲ್ಲ ಇದು ತನ್ನಿಂದಲೇ ಆಯಿತೆಂದು ವಿವರಿಸುತ್ತಿದ್ದ. ಮೇಡಂಗೆ ಸ್ಯಾಂಪಲ್ ಎಂಬ ಮಾತು ಹೇಳಿದ್ದು ತಾನು, ನಂಬರು ತಿದ್ದಿದ್ದು ತಾನು, ಬಸ್ಸಿನ ಸ್ಟಾಪು ಮಾಡಿಸಿದ್ದೂ ತಾನು. ಅವನ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಸಂಗು ಕಂಬಕ್ಕೆ ಒರಗಿ ನಿಂತು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ.

"ಯಪ್ಪಾ, ಯಾಕೋ ಹೊಟ್ಟಿ ನೋಯಾಕತ್ತೈತಿ. ನಾಳಿ ಒಂದ ದಿನ..."

ಗುರಲಿಂಗಪ್ಪ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತ. "ಡಾಕ್ಟರ್ ಚೀಟಿ ಬೇಕು. ಚೀಟಿ ಇಲ್ಲಂದ್ರ ಗೈರುಹಾಜರಿ ಹಾಕತೇನಿ. ಗೈರುಹಾಜರಿ ಹೆಚ್ಚಾದ್ರ ಡಿಗ್ರಿ ಇಲ್ಲಂತ. ಮತ್ತ ಶೆಡ್ಡಿನ್ಯಾಗ ಯಪ್ಪಾ ಗಿಪ್ಪಾ ಅನಬ್ಯಾಡ. ಉಳಿದ ಹುಡುಗರ ಮುಂದ ಚಲೋ ಕಾಣಸೂದಿಲ್ಲ. ಸರ್ ಅನಬೇಕು."

ಸಂಗು ಹೊಟ್ಟೆಯ ಮೇಲಿನ ಕೈ ತೆಗೆದ.

"ಆತ್ರಿ ಸರ್," ಎಂದ.